ಇಲ್ಲದ ಊರಿನ ಕಳ್ಳ ಓಣಿ

ಫೆಬ್ರವರಿ 3, ಮಂಗಳವಾರ

ಪ್ರಕಾಶಕರು ನನ್ನ ನಕ್ಷೆಯನ್ನು ವಾಪಸ್ ಕಳಿಸಿದ್ದಾರೆ. ನನಗೆ ಹೇಳುವ ಧೈರ್ಯವಿಲ್ಲದೆ ತಂಗಿಗೆ ಫೋನು ಮಾಡಿ ಹೇಳಿದ್ದಾರೆ: ಕಥೆ ಚೆನ್ನಾಗಿದೆ, ನಕ್ಷೆಗೆ ಜೀವವಿಲ್ಲ. ಗೆರೆಯೆಲ್ಲ ಒಂದೇ ದಪ್ಪ, ನೆರಳು ಮಸಿ ಚೆಲ್ಲಿದ ಹಾಗಿದೆ. ಮಾರ್ಚ್ ಹತ್ತರೊಳಗೆ ತಿದ್ದಿ ಕೊಟ್ಟರೆ ಸರಿ, ಇಲ್ಲವಾದರೆ ಅವರ ಬಳಿ ಬೇರೆ ಕಲಾವಿದರಿದ್ದಾರಂತೆ. ಈ 'ಬೇರೆ ಕಲಾವಿದರಿದ್ದಾರೆ' ಎಂಬ ಮಾತನ್ನು ಗಮನಿಸಬೇಕು. ಇಂಥ ಮಾತನ್ನು ಯಾರೂ ಸುಮ್ಮನೆ ಆಡುವುದಿಲ್ಲ. ಆ ಬೇರೆಯವನು ಈಗಾಗಲೇ ಎಲ್ಲೋ ಕುಳಿತು ಪೆನ್ಸಿಲ್ ಚೂಪು ಮಾಡುತ್ತಿದ್ದಾನೆ.

ನಮ್ಮ ಊರನ್ನು ಬೇರೆಯವನು ಬರೆಯುವುದೆಂದರೇನು? ಚಿಕ್ಕಂದಿನಲ್ಲಿ ನನಗೂ ತಂಗಿಗೂ ಒಟ್ಟಿಗೆ ದಡಾರ ಬಂದು, ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂಡಿಹಾಕಿದ್ದಾಗ ನಾವು ಕಟ್ಟಿದ ಊರು ಅದು. ಮೋಡ ಸಾಕುವವರ ಊರು. ಗುಡ್ಡದ ನೆತ್ತಿಯ ಮೇಲೆ ಮೋಡಗಳ ದೊಡ್ಡಿ, ಕೆಳಗೆ ಮನೆಗಳ ಸಾಲು. ಹೊಳೆ ಮನಸ್ಸು ಬಂದಾಗ ಜಾಗ ಬದಲಿಸುವುದರಿಂದ ಸೇತುವೆ ನಡುವೆ ಎರಡು ಸಲ ತಿರುಗುತ್ತದೆ. ತಂಗಿ ಈಗ ಅದನ್ನು ಮಕ್ಕಳ ಕಾದಂಬರಿ ಮಾಡಿದ್ದಾಳೆ. ಅದರ ಮೊದಲ ಪುಟದಲ್ಲಿ ನಮ್ಮೂರು ಯಾವನೋ ಅಪರಿಚಿತನ ಕೈಯಿಂದ ಬಂದರೆ, ತಂಗಿಯ ಪುಸ್ತಕವಾದರೂ ಸರಿ, ನಾನು ಅದನ್ನು ಬಿಚ್ಚುವವನಲ್ಲ.

ಬ್ಯಾಂಕಿನ ಮುಂದೆ ಪಾದಚಾರಿಗಳ ದಾರಿಯ ಕಲ್ಲು ಎದ್ದು ನಿಂತಿರುವ ಬಗ್ಗೆ ಪತ್ರಿಕೆಗೆ ಇನ್ನೊಂದು ಪತ್ರ ಹಾಕಿದೆ. ಹಿಂದಿನದು ಅಚ್ಚಾಗಲಿಲ್ಲ. ಆ ಕಲ್ಲು ಹಾಕಿದ ದಿನವೇ, ಕೆಳಗೆ ಮರಳಿಲ್ಲದೆ ಕೂರಿಸುತ್ತಿದ್ದಾರೆ ಎಂದು ನಾನು ಹೇಳಿದ್ದೆ. ಸಂಪಾದಕರಿಗೂ ಗುತ್ತಿಗೆದಾರನಿಗೂ ಏನೋ ನೆಂಟಸ್ತಿಕೆ ಇರಬೇಕು.

ಫೆಬ್ರವರಿ 6, ಶುಕ್ರವಾರ

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಸಂಜೆ ಹೊತ್ತು ಚಿತ್ರದ ಪಾಠ ನಡೆಯುತ್ತದೆ. ಸೇರಿಕೊಂಡೆ. ಉದ್ದನೆಯ ಒಂದು ಮೇಜು, ಬಲಗಡೆ ಕಿಟಕಿ, ಕೆಳಗಿನಿಂದ ಟೈರಿಗೆ ಗಾಳಿ ಹೊಡೆಯುವ ಸದ್ದು. ಮೇಷ್ಟ್ರು ನನ್ನ ನಕ್ಷೆಯನ್ನು ಒಂದು ಕೈ ದೂರದಲ್ಲಿ ಹಿಡಿದು ನೋಡಿ, ನೌಕರಿ ಏನಿತ್ತು ಎಂದು ಕೇಳಿದರು. ವಿಮಾ ಕಚೇರಿಯಲ್ಲಿದ್ದೆ, ಬೆಂಕಿ ಬಿದ್ದ ಅಂಗಡಿ ಗೋದಾಮುಗಳ ತನಿಖೆ ನನ್ನದು, ಜಾಗದ ನಕ್ಷೆಗಳನ್ನೂ ನಾನೇ ಬರೆಯುತ್ತಿದ್ದೆ ಎಂದೆ.

"ಅದಕ್ಕೇ ನೋಡಿ," ಎಂದರು. "ಊರು ಸುಟ್ಟು ಹೋದ ಮೇಲೆ ಬರೆದ ಹಾಗಿದೆ."

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನನ್ನ ಬಲಕ್ಕೆ ಕುಳಿತವಳು. ಬಸ್ ನಿಲ್ದಾಣದ ಎದುರಿನ ಔಷಧಿ ಅಂಗಡಿಯವಳಂತೆ. ನಗುವುದಕ್ಕೆ ಅಷ್ಟೊಂದು ಏನಿತ್ತು?

ಇವತ್ತಿನ ಪಾಠ: ಬೆಳಕು ಬೀಳುವ ಕಡೆ ಗೆರೆ ತೆಳ್ಳಗಿರಬೇಕು, ನೆರಳಿನ ಕಡೆ ದಪ್ಪ. ಬಿಸಿಲು ನೇರವಾಗಿ ಹೊಡೆಯುವಲ್ಲಿ ಗೆರೆಯನ್ನು ಕಡಿದು ಬಿಟ್ಟರೂ ಆದೀತು, ಕಣ್ಣು ಉಳಿದದ್ದನ್ನು ತುಂಬಿಕೊಳ್ಳುತ್ತದಂತೆ. ಇದು ನನಗೆ ಒಪ್ಪಿಗೆಯಿಲ್ಲ. ಗೋಡೆ ಎಂದ ಮೇಲೆ ಪೂರ್ತಿ ಇರಬೇಕು. ಅರ್ಧ ಗೋಡೆಯ ಗೋದಾಮಿಗೆ ಯಾರೂ ಪರಿಹಾರ ಕೊಡುವುದಿಲ್ಲ.

ಫೆಬ್ರವರಿ 10, ಮಂಗಳವಾರ

ಆ ಔಷಧಿಯವಳು ಎಡಗೈಯಲ್ಲಿ ಬರೆಯುತ್ತಾಳೆ. ಅವಳ ಎಡ ಮೊಣಕೈ ನನ್ನ ಬಲ ಮೊಣಕೈಗೆ ತಾಗಿ ನನ್ನ ಹೊಳೆ ಎರಡು ಸಲ ದಡ ಮೀರಿತು. ಕ್ಷಮಿಸಿ ಎಂದಳು. ಎಂದವಳು ಮುಖ ತಿರುಗಿಸಿಕೊಳ್ಳಬೇಕಲ್ಲ? ಇಲ್ಲ, ನನ್ನ ಹಾಳೆಯನ್ನೇ ನೋಡುತ್ತ ಕುಳಿತಳು. ನೋಟ ಸಾಧಾರಣದ್ದಲ್ಲ. ಬೆಂಕಿ ಬಿದ್ದ ಅಂಗಡಿಗೆ ಮೊದಲು ಓಡಿ ಬಂದು ಏನುಳಿದಿದೆ ಎಂದು ಲೆಕ್ಕ ಹಾಕುವ ಪಾಲುದಾರನ ನೋಟ. ಅದನ್ನು ನಾನು ಬಹಳ ಕಂಡಿದ್ದೇನೆ.

ಫೆಬ್ರವರಿ 17, ಮಂಗಳವಾರ

ಸಂಶಯ ನಿಜವಾಯಿತು. ಅವಳ ಹಾಳೆಯಲ್ಲಿ ಒಂದು ಸೇತುವೆ. ನಡುವೆ ಎರಡು ಸಲ ತಿರುಗುತ್ತದೆ! ಜಗತ್ತಿನಲ್ಲಿ ಯಾವ ಎಂಜಿನಿಯರನೂ ಅಂಥ ಸೇತುವೆ ಕಟ್ಟಲಾರ. ಅದು ದಡಾರ ಬಂದ ಇಬ್ಬರು ಮಕ್ಕಳ ತಲೆಯಲ್ಲಿ ಮಾತ್ರ ಹುಟ್ಟಲು ಸಾಧ್ಯ.

ಪಾಠ ಮುಗಿದ ಮೇಲೆ ಮೆಟ್ಟಿಲಲ್ಲಿ ಅವಳು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದಳು: "ನಕ್ಷೆ ಮುಗೀತಾ ಬಂತು ಸರ್. ಶುಕ್ರವಾರ ತಂದು ಕೊಡ್ತೀನಿ." ನಾನು ಚಪ್ಪಲಿ ಹುಡುಕುವ ನೆಪದಲ್ಲಿ ನಿಂತೆ. ಇನ್ನೇನೂ ಹೇಳಲಿಲ್ಲ. ಸರ್ ಯಾರು? ಯಾವ ನಕ್ಷೆ? ಪ್ರಕಾಶಕರ 'ಬೇರೆ ಕಲಾವಿದರು' ಗಂಡಸೇ ಆಗಿರಬೇಕೆಂದು ನಾನೇಕೆ ಅಂದುಕೊಂಡೆ?

ತಂಗಿಗೆ ಫೋನು ಮಾಡಿ, ಪ್ರಕಾಶಕರಿಗೆ ಔಷಧಿ ವ್ಯಾಪಾರದವರ ಪರಿಚಯ ಇದೆಯೇ ಎಂದು ಕೇಳಿದೆ. "ಯಾಕಣ್ಣಾ, ಹುಷಾರಿಲ್ವಾ?" ಎಂದಳು. ಅವಳಿಗೆ ಜಗತ್ತು ಗೊತ್ತಿಲ್ಲ.

ಫೆಬ್ರವರಿ 18, ಬುಧವಾರ

ಉಪಾಯ ಹೊಳೆಯಿತು. ಹಿಂದಿನ ಕಾಲದ ನಕ್ಷೆಗಾರರು ತಮ್ಮ ನಕ್ಷೆಯಲ್ಲಿ ಬೇಕೆಂದೇ ಒಂದು ಸುಳ್ಳು ಬೀದಿ ಸೇರಿಸುತ್ತಿದ್ದರೆಂದು ಓದಿದ್ದೇನೆ. ಕದ್ದವನು ಆ ಬೀದಿಯನ್ನೂ ಕದಿಯುತ್ತಾನೆ, ಅಲ್ಲಿಗೆ ಸಿಕ್ಕಿಬೀಳುತ್ತಾನೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ನಮ್ಮೂರಿನ ಗಾಣದ ಮನೆಯ ಹಿಂದೆ ಒಂದು ಓಣಿ ಎಳೆದೆ. ಎರಡೂ ಕಡೆ ಬರಿಯ ಗೋಡೆ, ಒಂದು ಮನೆಯಿಲ್ಲ, ಬಾಗಿಲಿಲ್ಲ, ಕೊನೆಯಲ್ಲಿ ಮತ್ತೆ ಗೋಡೆ. ಯಾರೂ ಎಲ್ಲಿಗೂ ಹೋಗಲಾಗದ ಓಣಿ. ನೆನಪಿನಿಂದ, ಕಲ್ಪನೆಯಿಂದ, ಆಕಸ್ಮಿಕವಾಗಿ ಇದನ್ನು ಯಾರೂ ಬರೆಯಲಾರರು.

ಹೆಂಡತಿಗೆ ವಿವರಿಸಿದೆ. ಅವಳು ಬಟ್ಟೆ ಮಡಿಸುತ್ತ ಪೂರ್ತಿ ಕೇಳಿಸಿಕೊಂಡು, "ಇಲ್ಲದ ಊರಲ್ಲಿ ಇಲ್ಲದ ಓಣಿನಾ? ಹಾಗಾದ್ರೆ ಮಿಕ್ಕ ಬೀದಿಗಳೆಲ್ಲ ಇವೆಯೇನ್ರಿ?" ಎಂದಳು.

ತತ್ವದ ಪ್ರಶ್ನೆಗಳನ್ನು ಚರ್ಚಿಸುವ ಹೊತ್ತು ಇದಲ್ಲ ಎಂದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ಗೊಣಗಿದಳು. ನಾನು ಓಣಿಯ ಗೋಡೆಯನ್ನು ಇನ್ನಷ್ಟು ದಪ್ಪ ಮಾಡಿದೆ.

ಫೆಬ್ರವರಿ 20, ಶುಕ್ರವಾರ

ನಕ್ಷೆಯನ್ನು ಅವಳಿಗೆ ಕಾಣುವ ಹಾಗೆ ಮೇಜಿನ ಬಲ ತುದಿಗೆ ಸರಿಸಿ ಬಿಟ್ಟೆ. ಬಲೆ ಹಾಕಿದವನು ಹಕ್ಕಿಯ ಮೇಲೆ ಕಣ್ಣಿಡಬೇಕು. ಆದ್ದರಿಂದ ಇಡೀ ಹೊತ್ತು ಅವಳ ಕೈಯನ್ನೇ ಗಮನಿಸಿದೆ. ತನಿಖೆಗೆ ಬೇಕಾದೀತೆಂದು ಅವಳ ವಿಧಾನವನ್ನು ಬರೆದಿಡುತ್ತೇನೆ.

ಗೆರೆ ಎಳೆಯುವ ಮೊದಲು ಪೆನ್ನು ತಾಗಿಸದೆ ಗಾಳಿಯಲ್ಲಿ ಒಂದು ಸಲ ಕೈಯಾಡಿಸುತ್ತಾಳೆ. ಆಮೇಲೆ ಒಂದೇ ಎಳೆತ. ತಪ್ಪಿದರೂ ಅದರ ಮೇಲೆ ಮತ್ತೆ ಕೆರೆಯುವುದಿಲ್ಲ. ಕೈ ಮಣಿಕಟ್ಟಿನಿಂದ ಚಲಿಸುವುದಿಲ್ಲ, ಭುಜದಿಂದ ಚಲಿಸುತ್ತದೆ. ಹತ್ತಿರದ ಮನೆಗೆ ದಪ್ಪ ನಿಬ್ಬು, ದೂರದ್ದಕ್ಕೆ ತೆಳ್ಳನೆಯದು. ಇನ್ನು ಗುಡ್ಡ. ನೆರಳೆಂದು ಕಪ್ಪು ಬಳಿಯುವುದಿಲ್ಲ. ಆ ಇಳಿಜಾರಿನಲ್ಲಿ ನೀರು ಹೇಗೆ ಇಳಿಯುತ್ತದೋ ಹಾಗೆ ಸಣ್ಣ ಸಣ್ಣ ಗೆರೆಗಳು, ಮೇಲೆ ಒತ್ತೊತ್ತಾಗಿ, ಕೆಳಗೆ ಬಿಡಿಬಿಡಿಯಾಗಿ. ಸ್ವಲ್ಪ ಹೊತ್ತಿಗೆ ಬಿಳಿ ಹಾಳೆಯಿಂದ ಒಂದು ಗುಡ್ಡ ಎದ್ದು ನಿಲ್ಲುತ್ತದೆ. ಎದ್ದದ್ದು ಯಾವಾಗ ಎಂದು ತಿಳಿಯುವುದಿಲ್ಲ. ಕಣ್ಣು ಮಿಟುಕಿಸದೆ ನೋಡುತ್ತಿದ್ದರೂ ತಿಳಿಯುವುದಿಲ್ಲ.

ಕಳ್ಳರ ಕೈ ಯಾವಾಗಲೂ ಚುರುಕು.

ಫೆಬ್ರವರಿ 24, ಮಂಗಳವಾರ

ಎದುರಾಳಿಯ ವಿಧಾನವನ್ನು ಮಾಡಿ ನೋಡದೆ ಅರ್ಥ ಮಾಡಿಕೊಳ್ಳಲಾಗದು. ಹಾಗಾಗಿ ಮೂರು ದಿನದಿಂದ ಹಳೆಯ ಕ್ಯಾಲೆಂಡರುಗಳ ಹಿಂಬದಿಯಲ್ಲಿ ಗುಡ್ಡಗಳನ್ನು ಬರೆಯುತ್ತಿದ್ದೇನೆ. ಮೊದಲಿನವು ಮುಳ್ಳುಹಂದಿಯ ಹಾಗಿದ್ದವು. ಈಗಿನವು ಪರವಾಗಿಲ್ಲ.

ಬ್ಯಾಂಕಿಗೆ ಹೋಗಿದ್ದೆ. ಎದ್ದು ನಿಂತ ಆ ಕಲ್ಲಿನ ಕೆಳಗೆ ಬೆಳಗಿನ ಬಿಸಿಲಿಗೆ ಒಂದು ನೆರಳು ಬೀಳುತ್ತದೆ. ಕಲ್ಲಿನ ಅಂಚಿಗೆ ತಾಗಿಕೊಂಡಲ್ಲಿ ಕಡುಕಪ್ಪು, ದೂರ ಹೋದಂತೆ ಬೂದಿ ಬಣ್ಣ, ಕೊನೆಗೆ ಎಲ್ಲಿ ಮುಗಿಯಿತೆಂದು ಹೇಳಲಾಗದು. ಜೇಬಿನಲ್ಲಿದ್ದ ಚೀಟಿಯ ಮೇಲೆ ಅದನ್ನು ಗುರುತು ಹಾಕಿಕೊಂಡೆ. ಬ್ಯಾಂಕಿನ ಕಾವಲುಗಾರ ಬಂದು, ಸ್ವಾಮೀ ಏನು ನೋಡ್ತಿದ್ದೀರಿ ಎಂದು ಕೇಳಿದ. ಕೆಲವರಿಗೆ ಎಲ್ಲದರ ಮೇಲೂ ಅನುಮಾನ.

ಫೆಬ್ರವರಿ 27, ಶುಕ್ರವಾರ

ಅಂತಿಮ ಪ್ರತಿಗೆ ಮಸಿ ಹಾಕಿದ್ದೇನೆ. ಗೆರೆಗಳು ಉಸಿರಾಡುತ್ತಿವೆ ಎಂದು ಮೇಷ್ಟ್ರು ಹೇಳಿದರು. ನಾನು ಎಚ್ಚರ ತಪ್ಪಲಿ ಎಂಬ ಉದ್ದೇಶ ಇರಬಹುದು. ಮನೆಗಳು ಚೆನ್ನಾಗಿ ಬಂದಿವೆ. ಹೊಳೆಯೂ ಬಂದಿದೆ, ದಡದ ಬಳಿ ಗೆರೆ ಒತ್ತಾಗಿ, ನಡುವೆ ಖಾಲಿ ಬಿಟ್ಟಿದ್ದೇನೆ. ಗುಡ್ಡ ಮಾತ್ರ ಯಾಕೋ, ನೋಡಿದಷ್ಟೂ ಒಳಗೆ ಕುಸಿಯುತ್ತದೆ. ಮೋಡದ ದೊಡ್ಡಿ ಬಾವಿಯ ತಳದಲ್ಲಿ ಇದ್ದ ಹಾಗೆ ಕಾಣುತ್ತದೆ. ಬೇರೆ ಹಾಳೆಯಲ್ಲಿ ಎದ್ದು ನಿಂತ ಗುಡ್ಡ ಇಲ್ಲಿ ಯಾಕೆ ಏಳುವುದಿಲ್ಲ? ಕಾಗದದ ದೋಷವಿರಬೇಕು. ಅಂಗಡಿಯವನು ಹಳೆಯ ದಾಸ್ತಾನು ಸಾಗಹಾಕಿದ್ದಾನೆ.

ಮಾರ್ಚ್ 3, ಮಂಗಳವಾರ

ಸಿಕ್ಕಿಬಿದ್ದಳು. ಅವಳ ಹಾಳೆಯಲ್ಲಿ ಗಾಣದ ಮನೆ, ಅದರ ಹಿಂದೆ ಓಣಿ. ನನ್ನ ಕಳ್ಳ ಓಣಿ! ಎಲ್ಲರೆದುರು ಎದ್ದು ನಿಂತು ಕೇಳಿದೆ: "ಈ ಓಣಿ ನಿಮಗೆ ಎಲ್ಲಿ ಸಿಕ್ಕಿತು?"

"ನಿಮ್ಮ ಹಾಳೇಲಿ," ಎಂದಳು. ದನಿ ತಗ್ಗಿಸಲೂ ಇಲ್ಲ.

"ಸೇತುವೆ?"

"ಅದೂ ನಿಮ್ದೇ. ದೊಡ್ಡೀನೂ ನಿಮ್ದೇ. ಯಾಕೆ ಸರ್, ಪೊಲೀಸ್ ಸ್ಟೇಷನ್ ಥರ ಕೇಳ್ತಿದ್ದೀರಿ? ಪಕ್ಕದಲ್ಲೇ ಕೂತು ನೋಡ್ಕೊಂಡು ಬರೆದಿದ್ದೀನಿ. ನೀವೂ ಹಾಳೆ ಸರಿಸಿ ಕೊಟ್ರಿ."

ಅದು ಬಲೆ ಎಂದು ವಿವರಿಸಿದೆ. ಪ್ರಕಾಶಕರ ವಿಷಯವನ್ನೂ, ಶುಕ್ರವಾರ ನಕ್ಷೆ ಕೊಡುತ್ತೇನೆಂದು ಫೋನಿನಲ್ಲಿ ಹೇಳಿದ್ದನ್ನೂ ಎತ್ತಿದೆ. ಯಾವ ಪ್ರಕಾಶಕರು ಎಂದಳು. ಅವಳ ಅಂಗಡಿ ಪಕ್ಕದ ಬೀದಿಗೆ ಹೋಗುತ್ತಿದೆಯಂತೆ, ಲೈಸೆನ್ಸಿಗೆ ಹೊಸ ಮಳಿಗೆಯ ನಕ್ಷೆ ಕೇಳಿದ್ದರಂತೆ. ಕಪಾಟು ಎಲ್ಲಿ, ಫ್ರಿಜ್ ಎಲ್ಲಿ, ಅಷ್ಟೇ.

ಅಷ್ಟರಲ್ಲಿ ಮೇಷ್ಟ್ರು ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟು ಕನ್ನಡಕ ಏರಿಸಿದರು.

"ಓಣಿ ಇವರದು, ಒಪ್ಪಿದೆ. ಈ ಗುಡ್ಡ ಯಾರದು?"

ನನ್ನದು ಎಂದೆ.

"ನಿಮ್ಮ ಮನೆಗಳ ನೆರಳು ಬಲಕ್ಕೆ ಬಿದ್ದಿದೆ. ಗುಡ್ಡದ ನೆರಳು ಎಡಕ್ಕಿದೆ. ನಿಮ್ಮೂರಿಗೇನು ಇಬ್ಬರು ಸೂರ್ಯರಾ ಯಜಮಾನ್ರೇ? ಕಣ್ಣು ಮೊದಲು ಮನೆಗಳನ್ನ ನಂಬುತ್ತೆ, ಆಮೇಲೆ ಗುಡ್ಡವನ್ನ ಗುಂಡಿ ಮಾಡುತ್ತೆ. ಬಲಗೈಯವರು ಬೆಳಕು ಎಡಕ್ಕೆ ಇಟ್ಕೊಂಡು ಬರೀತಾರೆ. ಈ ಮೇಜಲ್ಲಿ ಬಲಗಡೆಯಿಂದ ಬೆಳಕು ತಗೊಳ್ಳೋ ಎಡಗೈ ಒಂದೇ ಇರೋದು."

ಈ ಸಲ ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಆಕೆ ಪೆನ್ನಿಗೆ ಮುಚ್ಚಳ ಹಾಕಿದಳು. "ನನ್ನ ಗುಡ್ಡ ತಗೊಂಡ್ರಾ? ಕೇಳಿದ್ರೆ ಹೇಳಿಕೊಡ್ತಿದ್ದೆನಲ್ಲ. ನಂಗೆ ಗೆರೆ ಬರುತ್ತೆ ಸರ್, ಊರು ಕಟ್ಟೋಕೆ ಬರಲ್ಲ. ಇಷ್ಟು ವರ್ಷ ಚೀಟೀಲಿ ಬರೆದಿದ್ದನ್ನ ತೆಗೆದು ಕೊಟ್ಟೇ ಅಭ್ಯಾಸ, ನನ್ನಿಂದ ಏನೂ ಹುಟ್ಟಲ್ಲ. ನಿಮ್ಮೂರು ನೋಡಿ ಖುಷಿಯಾಯ್ತು, ಬರ್ಕೊಂಡೆ." ಚೀಲ ಎತ್ತಿಕೊಂಡು ಮೆಟ್ಟಿಲಿಳಿದು ಹೋದಳು.

ಹಾಳೆಯನ್ನು ಅಲ್ಲೇ ಬಿಟ್ಟಿದ್ದಳು. ಸಾಕ್ಷ್ಯ ಎಂದು ನಾನು ಸುತ್ತಿ ತಂದಿದ್ದೇನೆ. ಹಳೆಯ ಅಭ್ಯಾಸ.

ಮಾರ್ಚ್ 4, ಬುಧವಾರ

ಬರೆಯುವಂಥದ್ದು ಏನೂ ಇಲ್ಲ. ಹೆಂಡತಿ ಏನಾಯಿತೆಂದು ಕೇಳಿದಳು. ಹೇಳಿದೆ. ಅವಳು ಒಂದು ಗಾದೆಯನ್ನೂ ಹೇಳಲಿಲ್ಲ.

ಮಾರ್ಚ್ 5, ಗುರುವಾರ

ಇನ್ನೂ ಏನೇನು ಕದ್ದಿದ್ದಾಳೆ ನೋಡೋಣವೆಂದು ಆ ಹಾಳೆಯನ್ನು ಕಿಟಕಿಯ ಬಳಿ ಬಿಡಿಸಿ, ಭೂತಗನ್ನಡಿ ಹಿಡಿದು ಕುಳಿತೆ. ಗೋಡೆ ಗೋಡೆಗೂ ತಾಳೆ ಹಾಕುತ್ತ ಬಂದೆ. ಎಲ್ಲ ನನ್ನದೇ. ಓಣಿಗೆ ಬಂದೆ. ಅದೂ ನನ್ನದೇ. ಓಣಿಯ ಕೊನೆಯಲ್ಲಿ ಮಾತ್ರ, ನಾನು ಗೋಡೆ ಎಳೆದು ಮುಗಿಸಿದ್ದ ಕಡೆ, ಒಂದು ಬಾಗಿಲು.

ಉಗುರಿನಷ್ಟೂ ದೊಡ್ಡದಿಲ್ಲ. ಅರ್ಧ ತೆರೆದಿದೆ. ಒಳಗಿನ ಬೆಳಕು ಹೊಸ್ತಿಲು ದಾಟಿ ಓಣಿಯ ನೆಲದ ಮೇಲೆ ಬಿದ್ದಿದೆ. ಆ ಬೆಳಕನ್ನು ಬರೆದಿಲ್ಲ. ಸುತ್ತಲಿನ ನೆರಳನ್ನಷ್ಟೇ ಬರೆದು, ಅಷ್ಟು ಜಾಗದಲ್ಲಿ ಕಾಗದವನ್ನು ಹಾಗೇ ಬಿಟ್ಟಿದ್ದಾರೆ.

ನನ್ನ ಪ್ರತಿ ತೆಗೆದು ನೋಡಿದೆ. ಇಲ್ಲ. ತಂಗಿಯೂ ನಾನೂ ಬರೆದ ಹಳೆಯ ಹಾಳೆಗಳಲ್ಲೂ ಇಲ್ಲ. ಪುಸ್ತಕದ ಕಪಾಟಿನಲ್ಲಿರುವ ನಕ್ಷೆಗಳನ್ನೆಲ್ಲ ತಿರುವಿಹಾಕಿದೆ, ಬೇರೆ ಎಲ್ಲಿಂದಲಾದರೂ ಎತ್ತಿರಬಹುದೆಂದು. ಊಟ ಆರಿಹೋಯಿತು. ಎಲ್ಲಿಯೂ ಇಲ್ಲ.

ಏನೂ ಹುಟ್ಟುವುದಿಲ್ಲ ಎಂದು ಹೇಳಿದವರ ಮಾತನ್ನು ಹೇಗೆ ನಂಬುವುದು?

ಮಾರ್ಚ್ 6, ಶುಕ್ರವಾರ

ಪಾಠಕ್ಕೆ ಹೋಗಲಿಲ್ಲ. ಹೋದರೆ ಔಷಧಿ ಅಂಗಡಿಯವರು ಬರದಿದ್ದಾರು, ಅಥವಾ ಬಂದಾರು. ಎರಡೂ ಬೇಡವಾಗಿತ್ತು. ನೇರ ಅಂಗಡಿಗೇ ಹೋದೆ. ಅರ್ಧ ಕಪಾಟುಗಳು ಖಾಲಿ, ಪೆಟ್ಟಿಗೆಗಳಿಗೆ ಹಗ್ಗ ಬಿಗಿದಿದ್ದರು. ಒಬ್ಬ ಮುದುಕರಿಗೆ ಯಾವ ಮಾತ್ರೆ ಊಟಕ್ಕೆ ಮೊದಲು, ಯಾವುದು ಆಮೇಲೆ ಎಂದು ಎರಡೆರಡು ಸಲ ಹೇಳಿ, ಮಾತ್ರೆಯ ಪಟ್ಟಿಯ ಮೇಲೆ ಹಗಲಿಗೆ ಸೂರ್ಯ, ರಾತ್ರಿಗೆ ಚಂದ್ರನ ಗುರುತು ಬರೆದು ಕೊಟ್ಟರು. ಮುದುಕರು ಹೋಗುವವರೆಗೆ ಕಾದೆ.

"ಏನು ಬೇಕು ಸರ್?" ಎಂದರು, ಗಿರಾಕಿಗೆ ಕೇಳುವ ದನಿಯಲ್ಲಿ.

ಹಾಳೆ ಮುಂದಿಟ್ಟೆ. ಬಾಗಿಲ ಮೇಲೆ ಬೆರಳಿಟ್ಟು, ಇದು ನನ್ನದಲ್ಲ ಎಂದೆ.

"ಹೌದು, ನಿಮ್ದಲ್ಲ. ನಿಮ್ಮ ಓಣೀಲಿ ಒಂದು ಬಾಗಿಲೂ ಇರ್ಲಿಲ್ಲ. ಪಾಪ, ಯಾರಾದ್ರೂ ಕತ್ತಲಾದ ಮೇಲೆ ದಾರಿ ತಪ್ಪಿ ಒಳಗೆ ಬಂದ್ರೆ ಏನು ಮಾಡ್ತಾರೆ ಅನ್ನಿಸ್ತು. ಅದಕ್ಕೂ ಕೇಸು ಹಾಕ್ತೀರಾ?"

ಇಲ್ಲ ಎಂದೆ. ಇನ್ನೂ ಏನೋ ಹೇಳಬೇಕಿತ್ತು. ಮೂವತ್ತು ವರ್ಷ ಇನ್ನೊಬ್ಬರಿಂದ ಹೇಳಿಕೆ ಬರೆಸಿಕೊಂಡವನಿಗೆ ತನ್ನದನ್ನು ಕೊಡಲು ಬರುವುದಿಲ್ಲ ನೋಡಿ. ಕೊನೆಗೆ, ಗುಡ್ಡ ಕೇಳದೆ ತಗೊಂಡೆ, ತಪ್ಪಾಯಿತು ಎಂದೆ. ಅವರು ಕೌಂಟರ್ ಒರೆಸಿ ಮುಗಿಸಿ, ನಿಮ್ಮ ಹಾಳೆ ತಂದಿದ್ದೀರಾ ಎಂದು ಕೇಳಿದರು. ತಂದಿದ್ದೆ. ಗಿರಾಕಿಗಳ ನಡುವೆ ಎರಡು ಸಲ ಅದನ್ನು ತಿರುಗಿಸಿ ನೋಡಿದರು.

"ಗುಡ್ಡ ಚೆನ್ನಾಗೇ ಬಂದಿದೆ. ಅದನ್ನ ಮುಟ್ಟಬೇಡಿ. ಮನೆಗಳ ನೆರಳನ್ನೂ ಗುಡ್ಡದ ಹಾಗೆ ಎಡಕ್ಕೆ ಹಾಕಿ."

ಊರಿಡೀ ಹೊಸದಾಗಿ ಬರೆಯಬೇಕಾಗುತ್ತದೆ, ಉಳಿದಿರುವುದು ನಾಲ್ಕೇ ದಿನ ಎಂದು ರೇಗಿದೆ. ಹೌದು ಎಂದರು. ಅಂಗಡಿಯ ಮೆಟ್ಟಿಲಿಳಿದವನು ಮತ್ತೆ ಹಿಂದಿರುಗಿ, ಆ ಬಾಗಿಲನ್ನು ನಾನು ಬಳಸಬಹುದೇ ಎಂದು ಕೇಳಿದೆ.

"ತಗೊಳ್ಳಿ," ಎಂದರು. "ಇದಕ್ಕೆ ಡಾಕ್ಟರ ಚೀಟಿ ಬೇಡ."

ಮಾರ್ಚ್ 9, ಸೋಮವಾರ

ಮುಗಿಯಿತು. ದೀಪವನ್ನು ಮೇಜಿನ ಬಲಕ್ಕೆ ಇಟ್ಟುಕೊಂಡು ಬರೆದೆ. ನನ್ನ ಕೈಯ ನೆರಳೇ ನನ್ನ ಗೆರೆಯ ಮೇಲೆ ಬಿದ್ದು ಕಷ್ಟವಾಯಿತು, ಆದರೆ ಇನ್ನೊಂದು ದಾರಿಯಿರಲಿಲ್ಲ. ಗೋಡೆಗಳನ್ನು ಬಿಸಿಲಿನ ಕಡೆ ಅಲ್ಲಲ್ಲಿ ಕಡಿದು ಬಿಟ್ಟಿದ್ದೇನೆ. ಗುಡ್ಡ ಎದ್ದು ನಿಂತಿದೆ. ಕೊನೆಯದಾಗಿ ಬಾಗಿಲು ಹಾಕಿದೆ. ಗಾಳಿಯಲ್ಲಿ ಒಂದು ಸಲ ಕೈಯಾಡಿಸಿ, ಆಮೇಲೆ. ಬೆಳಕಿಗೆ ಜಾಗ ಬಿಡುವುದು ಗೆರೆ ಎಳೆಯುವುದಕ್ಕಿಂತ ಕಷ್ಟ.

ನಕ್ಷೆಯನ್ನು ಕೊರಿಯರಿಗೆ ಕೊಟ್ಟು ಬರುವಾಗ ನೋಡಿದರೆ ಬ್ಯಾಂಕಿನ ಮುಂದಿನ ಕಲ್ಲನ್ನು ಸರಿಮಾಡಿದ್ದಾರೆ. ನಾನು ಅದರ ಸಂಜೆಯ ನೆರಳನ್ನು ಇನ್ನೂ ಬರೆದುಕೊಂಡಿರಲಿಲ್ಲ. ಒಂದು ಮಾತು ಕೇಳದೆ ಮಾಡಿಬಿಡುತ್ತಾರೆ.

ಈ ತಿಂಗಳು ಪೇಪರಿನವರಿಗೆ ಒಂದೂ ಪತ್ರ ಹೋಗಿಲ್ಲವಲ್ಲ, ಮೈಗೆ ಹುಷಾರಿದೆಯಾ ಎಂದು ಹೆಂಡತಿ ಹಣೆ ಮುಟ್ಟಿ ನೋಡಿದಳು. ಹೊತ್ತಿಲ್ಲ ಎಂದೆ.

ಮಾರ್ಚ್ 14, ಶನಿವಾರ

ತಂಗಿ ಫೋನು ಮಾಡಿದ್ದಳು. ಪ್ರಕಾಶಕರು ಒಪ್ಪಿದ್ದಾರೆ. ನಕ್ಷೆ ಪುಸ್ತಕದ ಮೊದಲಿಗೇ, ಎದುರುಬದುರು ಎರಡು ಪುಟಗಳಿಗೆ ಹರಡಿಕೊಂಡು ಬರುತ್ತದೆ. ಬೆಳಕು ಬಲಗಡೆಯಿಂದ ಬಂದಿದೆಯಲ್ಲ, ರೂಢಿ ಹಾಗಿಲ್ಲವಲ್ಲ ಎಂದು ಅವರು ರಾಗ ಎಳೆದರಂತೆ. ಆ ಊರಲ್ಲಿ ಹಾಗೇ ಎಂದು ಹೇಳು ಎಂದೆ. ಹಾಗೇ ಹೇಳಿದೆ ಎಂದಳು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ, ಚಿಕ್ಕಂದಿನಿಂದಲೂ ಅವಳದು ಹೀಗೇ.

ಫೋನು ಇಡುವ ಮುಂಚೆ ಕೇಳಿದಳು: "ಅಣ್ಣಾ, ಗಾಣದ ಮನೆ ಹಿಂದಿನ ಓಣೀಲಿ ಒಂದು ಬಾಗಿಲಿದೆಯಲ್ಲ. ಅದು ನಾವು ಇಟ್ಟಿದ್ದಲ್ಲ. ರಾತ್ರಿಯೆಲ್ಲ ಅದನ್ನೇ ನೋಡ್ತಾ ಕೂತಿದ್ದೆ. ಯಾರ ಮನೆ ಅದು? ಇನ್ನೊಂದು ಅಧ್ಯಾಯ ಬರೀಬೇಕು ಅನ್ನಿಸ್ತಿದೆ."

ನನಗೆ ಗೊತ್ತಿಲ್ಲ ಎಂದೆ. ಮಂಗಳವಾರ ಪಾಠಕ್ಕೆ ಹೋಗುತ್ತೇನೆ, ಕೇಳಿ ಹೇಳುತ್ತೇನೆ ಎಂದೆ.